ಕೋಟೆ ಓಣಿಯಲ್ಲಿ ಬೀಗಿತ್ತಿಯರ ಮಂದಗಮನ ಮಹಾಸಮರ

ಸ್ವಸ್ತಿ! ಕೃತ ಕಳೆದು, ತ್ರೇತೆ ಉರುಳಿ, ದ್ವಾಪರ ಮುಳುಗಿ, ಕಲಿಯುಗವೂ ಗಾಳಿ ಇಳಿದ ಟೈರಿನ ಹಾಗೆ ತೆವಳುತ್ತಿದ್ದ ಒಂದು ಭಾನುವಾರದ ಪ್ರಾತಃಕಾಲದಲ್ಲಿ, ಮದುವೆ ಚಪ್ಪರವಿನ್ನೂ ಬಿಚ್ಚದ, ಉಳಿದ ಲಾಡು ಡಬ್ಬಿಯಲ್ಲಿನ್ನೂ ಗಟ್ಟಿಯಾಗದ ಶುಭಘಳಿಗೆಯಲ್ಲಿ, ಪಶ್ಚಿಮಾಂಬುಧಿ-ತರಂಗ-ಪ್ರಕ್ಷಾಲಿತವೂ ಪುರಾತನ-ನೌಕಾಸಹಸ್ರ-ಲಂಗರು-ಘರ್ಷಿತವೂ ಆದ ತಾರಿಬಾಗಿಲು ಎಂಬ ಬಂದರು ಪಟ್ಟಣದಲ್ಲಿ, ಇಬ್ಬರು ವೀರಾಂಗನೆಯರ ನಡುವೆ ನಡೆದ ಘೋರ ಸಮರವನ್ನು ಹೇಳುತ್ತೇನೆ, ಕೇಳಿ. ಎಲೈ ವಾಗ್ದೇವಿಯೇ, ಬಂದು ನನ್ನ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತುಕೋ. ಸ್ವಲ್ಪ ಗಟ್ಟಿ, ಸಹಿಸಿಕೋ ತಾಯಿ.

ಕಥಾನಾಯಕಿ ಯಾರೆಂದಿರೋ? ಅಷ್ಟಾದಶವರ್ಷ-ಅಂಗನವಾಡಿ-ಗಮನಾಗಮನ-ಪರಿಣತೆ, ಉಬ್ಬು-ತಗ್ಗು-ಗದ್ದೆಯಂಚು-ವಿಜಯಿನಿ, ಒಂದೇ ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಮೊಟ್ಟೆಯ ಟ್ರೇಯನ್ನೂ ಹಿಡಿದು ಮಳೆಗಾಲ ದಾಟಿದ ಮಹಾಸತ್ತ್ವೆ, ವಧುಮಾತೆ ಜಲಜಾಕ್ಷಿ! ಹಿಂದಿನ ದಿನವಷ್ಟೇ ಅವಳ ಒಬ್ಬಳೇ ಮಗಳು ಸೌಪರ್ಣಿಕೆ ಧಾರವಾಡದ ವೀರಭದ್ರನ ಕೈ ಹಿಡಿದಿದ್ದಳು. ದೂರದಿಂದ ಬಂದ ಬೀಗರಿಗೆ ಊರು ತೋರಿಸಬೇಕಲ್ಲ? ಮಗಳೇ ಮುಂದಾಗಿ ಸೈಕಲ್ ಪ್ರವಾಸವೊಂದನ್ನು ಗೊತ್ತುಮಾಡಿದ್ದಳು. ಹದಿನಾಲ್ಕು ಸೈಕಲ್, ಎಂಟು ಕಿಲೋಮೀಟರ್, ಹಳೆಯ ಸುಂಕದಕಟ್ಟೆಯಿಂದ ಹೊರಟು ಕೋಟೆ, ಬಸದಿ, ದೀಪಸ್ತಂಭ ನೋಡಿ ಕಡಲ ರಸ್ತೆಯಿಂದ ಮತ್ತೆ ಸುಂಕದಕಟ್ಟೆಗೆ ಬರುವುದು. ಆಮೇಲೆ ಅಲ್ಲೇ ಪಕ್ಕದ ಹೋಟೆಲಿನಲ್ಲಿ ಬನ್ಸು, ಚಟ್ನಿ.

ಈ ಸೇನೆಯ ಮುಂದಾಳು ಗಜಾನನ ಖಾರ್ವಿ. ಕೊರಳಲ್ಲಿ ಸೀಟಿ, ತಲೆಗೆ ಹಳದಿ ಟೋಪಿ, ಬಾಯಲ್ಲಿ ನಾಲ್ಕುನೂರು ವರ್ಷಗಳ ಇತಿಹಾಸ. ಅವನು ಸೀಟಿ ಊದಿ ಆಜ್ಞಾಪಿಸಿದ:

"ಕೋಟೆ ಓಣಿ ಸಪೂರ ಇತ್ತ್, ಒಬ್ರ್ ಹಿಂದೆ ಒಬ್ರ್ ಬನ್ನಿ. ಹಿಂದಿದ್ದರ್ ಮುಂದಿದ್ದರನ್ನ್ ದಾಟುಕಾಗ!"

ಅಯ್ಯೋ ಗಜಾನನ! ನಿನ್ನ ಬಾಯಿಗೆ ಸಕ್ಕರೆ ಹಾಕುವುದೋ ಸುಣ್ಣ ಹಾಕುವುದೋ? ಆ ಒಂದು ಮಾತು ಜಲಜಾಕ್ಷಿಯ ಎದೆಗೆ ಬಾಣವಾಗಿ ನೆಟ್ಟಿತು. ಹನ್ನೆರಡು ಸೈಕಲ್ಲುಗಳು ಟ್ರಿಣ್ ಟ್ರಿಣ್ ಎನ್ನುತ್ತ ಓಣಿಯೊಳಗೆ ನುಗ್ಗಿ ತಿರುವಿನಲ್ಲಿ ಮರೆಯಾದವು. ಉಳಿದದ್ದು ಎರಡೇ. ಒಂದರ ಮೇಲೆ ಅವಳು. ಇನ್ನೊಂದರ ಮೇಲೆ, ಇಳಕಲ್-ಸೀರೆ-ದೃಢಕಚ್ಛಾ-ಬಂಧಿತೆ, ಢಣಢಣಿತ-ಕಂಕಣ-ಭುಜಶಾಲಿನಿ, ಕಾಲೇಜು ದಿನಗಳಲ್ಲಿ ಅಣ್ಣನ ಸೈಕಲ್ಲನ್ನು ಕದ್ದು ಇಡೀ ಧಾರವಾಡ ಸುತ್ತಿದ ವರಮಾತೆ ನೀಲಗಂಗವ್ವ!

ಯಾರು ಮುಂದೆ? ಯಾರು ಹಿಂದೆ?

ನಗಬೇಡಿ. ಇದೇನು ಹುಡುಗಾಟವಲ್ಲ. ಜಲಜಾಕ್ಷಿಯ ಚಿಕ್ಕಮ್ಮ ತನ್ನ ಮಗಳ ಮದುವೆಯಲ್ಲಿ ಗಂಡಿನ ತಾಯಿ ಕೂರುವ ಮೊದಲೇ ಊಟದ ಎಲೆಯ ಮುಂದೆ ಕೂತುಬಿಟ್ಟಿದ್ದಳು. ಸಕ್ಕರೆ ಕಾಯಿಲೆಯ ಹೆಂಗಸು, ತಲೆ ಸುತ್ತಿತ್ತು, ಕೂತಳು. ಅಷ್ಟೇ. ಆ ಮಗಳು ಮೂವತ್ತೊಂದು ವರ್ಷದಿಂದ ಅತ್ತೆಮನೆಯಲ್ಲಿ, "ನಿನ್ನ ತಾಯಿಗೆ ಬೀಗರೆಂದರೆ ಲೆಕ್ಕವೇ ಇಲ್ಲ" ಎಂಬ ಮಾತು ಕೇಳುತ್ತಿದ್ದಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೌಪರ್ಣಿಕೆ ನಾಳೆ ಬೆಳಗ್ಗೆ ಘಟ್ಟ ಹತ್ತಬೇಕು. ತಾನು ಇಂದು ಬೀಗಿತ್ತಿಯ ಮುಂದೆ ಒಂದು ಗೇಣು ಹೋದರೂ ಆ ಗೇಣನ್ನು ಮಗಳು ಬದುಕಿಡೀ ಅಳೆಯಬೇಕಾದೀತು ಎಂದು ಈ ತಾಯಿ ಲೆಕ್ಕ ಹಾಕಿದಳು.

ಆಗ ಅವಳು ಮನಸ್ಸಿನಲ್ಲೇ ಗರ್ಜಿಸಿದಳು: "ಎಲೌ ದ್ವಿಚಕ್ರ ರಥವೇ! ಎಲೌ ತುಕ್ಕುಲೇಪಿತ-ಸರಪಳಿಯೇ! ಗಾಳಿಗಿಂತ ವೇಗವಾಗಿ ಓಡಿದ ಶೂರರನ್ನು ಲೋಕ ಕಂಡಿದೆ. ಇಂದು ಕಲ್ಲಿಗಿಂತ ನಿಧಾನವಾಗಿ ಓಡುವ ಶೂರೆಯನ್ನು ಕಾಣಲಿ. ಸೂರ್ಯನು ನೆತ್ತಿಗೇರಲಿ, ಬನ್ಸು ಆರಿ ತಣ್ಣಗಾಗಲಿ, ಈ ಜಲಜಾಕ್ಷಿಯು ಬೀಗಿತ್ತಿಯ ಹಿಂದಿನ ಚಕ್ರವನ್ನು ದಾಟಳು, ದಾಟಳು, ದಾಟಳು!"

ಬಾಯಿಬಿಟ್ಟು ಹೇಳಿದ್ದು ಮಾತ್ರ ಇಷ್ಟು:

"ನೀವ್ ಮುಂದ್ ಹೋಯ್ನಿ. ನಾ ಹಿಂದಿಂದ ಬತ್ತೆ."

ನೀಲಗಂಗವ್ವ ನಕ್ಕಳು. ಆ ನಗೆಯಲ್ಲಿ ಬಯಲುಸೀಮೆಯ ಗಾಳಿಯಿತ್ತು, ಹಿಂದೆಗೆಯದ ಛಲವೂ ಇತ್ತು.

"ಅಯ್ಯ ಬೀಗರ, ಹಂಗ ಅನಬ್ಯಾಡ್ರಿ. ನಿಮ್ಮೂರು, ನಿಮ್ಮ ಓಣಿ. ದಾರಿ ಗೊತ್ತಿದ್ದವ್ರು ಮುಂದ ಇರಬೇಕು. ನಡೀರಿ, ನಡೀರಿ."

"ದೇವ್ರೇ, ಅದ್ ಆಪ್ದಲ್ಲ! ನೀವ್ ಗಂಡಿನ್ ಕಡೆಯರ್. ನಾ ಎದ್ರಿಗ್ ಹೋರೆ ಕಂಡರ್ ಎಂತ ಹೇಳ್ತ್ರ್? ದಾರಿ ತಪ್ಪುದಿಲ್ಲ, ಎರ್ಡೂ ಬದಿ ಗೋಡೆ ಇತ್ತಲೆ."

"ಗಂಡಿನ ಕಡೆ ಅಂದ್ರ ಏನ್ರೀ, ನಮಗೇನು ಕೋಡು ಮೂಡ್ಯಾವೇನು? ನೀವು ಹಿರ್ಯಾರು, ನೀವ ಮುಂದ."

"ಹಿರಿಯರಾ? ನಾನಾ? ನಂಗ್ ಐವತ್ನಾಲ್ಕ್. ನಿಮ್ಗೆ?"

"ಐವತ್ನಾಲ್ಕ!" ಎಂದಳು ನೀಲಗಂಗವ್ವ, ಕೊಂಚ ಗಾಬರಿಯಿಂದ.

ಹೀಗೆ ವಯಸ್ಸಿನ ಅಸ್ತ್ರವು ಎರಡೂ ಕಡೆ ಮುರಿದು ಬಿದ್ದಿತು. ಓಣಿಯ ಮೊದಲ ಮನೆಯ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ಕೆಲಸ ನಿಲ್ಲಿಸಿ, ಮೊಣಕಾಲಿನ ಮೇಲೆ ಗಲ್ಲವೂರಿ, ನೋಡತೊಡಗಿದಳು. ಯುದ್ಧಕ್ಕೆ ಪ್ರೇಕ್ಷಕರಿಲ್ಲದಿದ್ದರೆ ರುಚಿಯೆಲ್ಲಿ?

ಅಷ್ಟರಲ್ಲಿ ಗಜಾನನನು ಬೆವರು ಸುರಿಸುತ್ತ ಹಿಂದಿರುಗಿ ಬಂದ. "ಹ್ವಾಯ್ ಅಮ್ಮಾ, ಎಂತ, ಇಬ್ರೂ ಬೇರ್ ಬಿಟ್ರಿಯಾ? ಅಲ್ಲಿ ಕೋಟೆ ಕಾಯ್ತಾ ಇತ್ತ್!"

ಸಂಗತಿ ತಿಳಿದಾಗ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಂಗಾರೆ ಒಂದ್ ಕೆಲ್ಸ ಮಾಡಿ. ಇಬ್ರೂ ಒಟ್ಟೊಟ್ಟಿಗೆ ಬನ್ನಿ. ಇಲ್ಲಿ ಗೋಡೆ ಬದಿ ಚೂರ್ ಜಾಗ ಇತ್ತ್" ಎಂದವನೇ, ಈ ಸಂಧಾನಕ್ಕೆ ತಾನೇ ಮೆಚ್ಚಿ, ಮಿಕ್ಕವರಿಗೆ ಇತಿಹಾಸ ಹೇಳಲು ಹಾರಿಹೋದ.

ಅಹಹಾ! ಬೆಂಕಿಗೆ ತುಪ್ಪ ಸುರಿದು ಆರಿಸಲು ಹೋದ ಮಹಾನುಭಾವ! ಒಬ್ಬರ ಹಿಂದೊಬ್ಬರಾಗಿದ್ದರೆ ಒಂದೇ ಸಲ ತೀರ್ಮಾನವಾಗುತ್ತಿತ್ತು. ಅಕ್ಕಪಕ್ಕ ಎಂದಮೇಲೆ ಪ್ರತಿ ಅಂಗುಲಕ್ಕೂ ಒಂದೊಂದು ಕದನ.

ಹೊರಟಿತು ನೋಡಿ ಉಭಯ ರಥ! ವಾಯುಗರ್ಭ-ವರ್ತುಲಚಕ್ರಗಳು ಕೆಂಪು ಮುರಕಲ್ಲಿನ ಗೋಡೆಗಳ ನಡುವೆ ಕಿರ್ರೆಂದು ಉರುಳಿದವು. ಮೂರು ಹೆಜ್ಜೆಯಾಗುವಷ್ಟರಲ್ಲಿ ಜಲಜಾಕ್ಷಿಯ ಮುಂದಿನ ಗಾಲಿಯು ಬೀಗಿತ್ತಿಯ ಗಾಲಿಗಿಂತ ನಾಲ್ಕು ಬೆರಳು ಮುಂದಾಯಿತು. ಅವಳ ಜೀವ ಬಾಯಿಗೆ ಬಂತು. ಹದಿನೆಂಟು ವರ್ಷ ಗೂಳಿ, ಬಸ್ಸು, ಪಂಚಾಯತಿ ಅಧ್ಯಕ್ಷರ ಕಾರು ಯಾವುದಕ್ಕೂ ಹಿಡಿಯದಷ್ಟು ಬಿಗಿಯಾಗಿ ಬ್ರೇಕು ಹಿಡಿದಳು. ಈಗ ನೀಲಗಂಗವ್ವ ನಾಲ್ಕು ಬೆರಳು ಮುಂದೆ! ಆಕೆಯೇನು ಬಿಡುವವಳೇ? ಪೆಡಲನ್ನು ಹಿಮ್ಮುಖವಾಗಿ ಅರ್ಧ ಸುತ್ತು ತಿರುಗಿಸಿ, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಹಾವು ಹರಿದಂತೆ ಸೈಕಲ್ಲನ್ನು ನಿಧಾನಿಸಿದಳು. ಕಾಲೇಜಿನಲ್ಲಿ ನಿಧಾನ ಸೈಕಲ್ ಓಟದಲ್ಲಿ ಉಕ್ಕಿನ ಲೋಟ ಗೆದ್ದ ಕೈ ಅದು, ಸುಮ್ಮನಲ್ಲ!

ಆಗ ದಿವ್ಯಾಸ್ತ್ರಗಳು ಹೊರಬಿದ್ದವು. ಜಲಜಾಕ್ಷಿ ಚಪ್ಪಲಿ-ಪತನಾಸ್ತ್ರವನ್ನು ಪ್ರಯೋಗಿಸಿದಳು: ಎಡಗಾಲಿನ ಚಪ್ಪಲಿಯನ್ನು ಬೇಕೆಂದೇ ಬೀಳಿಸಿ, "ಅಯ್ಯೋ, ಚಪ್ಲಿ! ನೀವ್ ಹೋಯ್ತಾ ಇರಿ" ಎಂದು ಇಳಿದಳು. ನೀಲಗಂಗವ್ವ ತಟಕ್ಕನೆ ಇಳಿದು ಸೆರಗು-ಸಿಲುಕಾಸ್ತ್ರದಿಂದ ಉತ್ತರಿಸಿದಳು: "ನನ್ನ ಸೆರಗೂ ಸಿಗಬಿದ್ದೈತ್ರಿ!" ಸೆರಗು ಎಲ್ಲಿಯೂ ಸಿಲುಕಿರಲಿಲ್ಲ; ಸೊಂಟಕ್ಕೆ ಭದ್ರವಾಗಿ ಸುತ್ತಿತ್ತು. ಜಲಜಾಕ್ಷಿ ನೀರು ಕುಡಿದಳು. ನೀಲಗಂಗವ್ವನಿಗೂ ಬಾಯಾರಿತು. ಜಲಜಾಕ್ಷಿ ಕೋಟೆಯ ಗೋಡೆಯ ಇತಿಹಾಸವನ್ನು ವಿವರಿಸಲು ನಿಂತಳು. ಆ ಗೋಡೆ ಕೋಟೆಯದಲ್ಲ, ಸೊಸೈಟಿ ಗೋದಾಮಿನದು. ನೀಲಗಂಗವ್ವ ಅದನ್ನು ಹತ್ತು ನಿಮಿಷ ಭಕ್ತಿಯಿಂದ ನೋಡಿದಳು.

ಓಣಿಯ ನಡುವೆ ಮಲಗಿದ್ದ ಕಂದು ಬೆಕ್ಕೊಂದು, ಬರುತ್ತಿರುವ ಎರಡು ಸೈಕಲ್ಲುಗಳನ್ನು ಒಂದೇ ಕಣ್ಣಿನಲ್ಲಿ ಅಳೆದು ನೋಡಿ, ಏಳುವ ಅಗತ್ಯವಿಲ್ಲವೆಂದು ಮತ್ತೆ ಮಲಗಿತು. ಜಗಲಿಯ ಅಜ್ಜಿ ಒಳಗೆ ಹೋಗಿ, ಒಲೆಯ ಮೇಲಿದ್ದ ಗಂಜಿಗೆ ಉಪ್ಪು ಹಾಕಿ, ಮಗುಚಿ, ಇಳಿಸಿ, ಕೈ ತೊಳೆದು ಹೊರಗೆ ಬಂದಳು. ಇಬ್ಬರೂ ಅವಳ ಕಣ್ಣಳತೆಯಲ್ಲೇ ಇದ್ದರು. "ಹ್ವಾಯ್," ಎಂದು ಕೂಗಿದಳು ಅಜ್ಜಿ, "ಇವತ್ತಿಗೇ ಹೋಪುದಾ, ಅಲ್ಲಾ ನಾಳಿಗಾ?"

ಉತ್ತರಿಸುವ ಸ್ಥಿತಿಯಲ್ಲಿ ಯಾರಿದ್ದರು? ಕದನವು ತನ್ನ ಪರಮಶಿಖರಕ್ಕೆ ಏರಿತ್ತು. ಎರಡೂ ಸೈಕಲ್ಲುಗಳು ನಿಂತಿದ್ದವು. ನಿಂತಿದ್ದವು ಎಂದರೆ, ನೆಲಕ್ಕೆ ಕಾಲೂರದೆ, ಗಾಲಿ ಉರುಳದೆ, ಕೇವಲ ಸಂಕಲ್ಪಬಲದಿಂದ ನಿಂತಿದ್ದವು! ಜಲಜಾಕ್ಷಿಯ ತೊಡೆ ನಡುಗಿತು, ಹಣೆಯ ಕುಂಕುಮ ಬೆವರಿನೊಂದಿಗೆ ಮೂಗಿಗಿಳಿಯಿತು. ಮಗಳೇ, ನಿನಗೋಸ್ಕರ, ನಿನಗೋಸ್ಕರ ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನೀಲಗಂಗವ್ವ ಹಲ್ಲು ಕಚ್ಚಿ ಹಿಡಿದಿದ್ದಳು. ಗಾಳಿ ನಿಂತಿತು. ಕಾಗೆ ಕೂಗಲಿಲ್ಲ.

ಜಲಜಾಕ್ಷಿಯ ಸೈಕಲ್ಲು ಬಲಕ್ಕೆ ವಾಲಿತು. ನೀಲಗಂಗವ್ವನದು ಎಡಕ್ಕೆ ವಾಲಿತು. ಎರಡು ಹ್ಯಾಂಡಲುಗಳು ಹೆಣೆದುಕೊಂಡವು. "ಅಯ್ಯೋ ಹಿಡ್ಕಣಿ!" "ಹಿಡೀರಿ ಬೀಗರ!" ಎಂದು ಒಬ್ಬರನ್ನೊಬ್ಬರು ಹಿಡಿದುಕೊಂಡರು, ಹಿಡಿದುಕೊಂಡೇ ಧೊಪ್ಪೆಂದು ಬಿದ್ದರು. ಆಗ ಮಾತ್ರ ಬೆಕ್ಕು ಎದ್ದು ಹೋಯಿತು.

ಧೂಳು ಇಳಿದಾಗ ಇಬ್ಬರೂ ಕೋಟೆ ಓಣಿಯ ನಟ್ಟನಡುವೆ ಕಾಲು ಚಾಚಿ ಕೂತಿದ್ದರು. ನೀಲಗಂಗವ್ವನ ಮಂಡಿ ತರಚಿತ್ತು. ಜಲಜಾಕ್ಷಿ ತನ್ನ ಸೆರಗಿನಿಂದ ಅದನ್ನು ಒರೆಸಿದಳು. ನೀಲಗಂಗವ್ವ ಅವಳ ಕೈ ಹಿಡಿದು ನಿಲ್ಲಿಸಿದಳು.

"ಬೀಗರ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ನಿಮ್ಮ ಮಗಳ ಅಂಜಿಕಿ ಐತಿ."

"ನನ್ ಮಗಳ್ ಹೆದ್ರಿಕ್ಯಾ?"

"ಹೂಂ ಮತ್ತ. ಓದಿದಾಕಿ, ನೌಕರಿ ಮಾಡಾಕಿ. ನಿಮ್ಮನ್ನ ಹಿಂದ ಹಾಕಿ ನಾ ಜಂಬದಿಂದ ಮುಂದ ಹೋದ್ನಿ ಅಂದ್ರ, ನಮ್ಮವ್ವಗ ಮರ್ಯಾದಿ ಕೊಡಲಿಲ್ಲ ಅಂತ ಮನೀಗೆ ಬರೂ ಮೊದ್ಲ ಆಕಿ ಮನಸಿನ್ಯಾಗ ಕೂತ್ರ? ಇರಾಂವ ಒಬ್ಬ ಮಗ. ಬಂದಾಕಿ ನನ್ನ ಜೋಡಿ ಕೂತು ನಾಕು ಮಾತಾಡಬೇಕ್ರಿ, ನಗಬೇಕು. ಮತ್ತೇನೂ ಬ್ಯಾಡ ನನಗ."

ಘಟ್ಟದ ಮೇಲಿನ ಆ ದೊಡ್ಡ ಮನೆಯಲ್ಲಿ ಹೆದರಿಕೊಂಡು ಕಾಯುವವರು ಬೇರೆ ಯಾರೋ ಇದ್ದಾರೆಂದು ಜಲಜಾಕ್ಷಿಗೆ ಹೊಳೆದೇ ಇರಲಿಲ್ಲ.

"ಅಯ್ಯೋ ನೀಲಗಂಗಮ್ಮ! ನಾ ಎದ್ರಿಗ್ ಹೋರೆ ನಿಮ್ಮನೆಗೆ ಮಗಳಿಗ್ ಮಾತ್ ಬತ್ತ್ ಅಂದೇಳಿ ನಾನ್ ಇಷ್ಟೊತ್ತ್ ಬ್ರೇಕ್ ಹಿಡ್ದ್ ಹಿಡ್ದ್ ಸತ್ತೆ!"

ನೀಲಗಂಗವ್ವ ಅವಳ ಮುಖವನ್ನೇ ನೋಡಿದಳು. ಮೊದಲು ಭುಜ ಅಲುಗಿತು, ಆಮೇಲೆ ಬಳೆ ಅಲುಗಿತು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಜಲಜಾಕ್ಷಿಯೂ ನಕ್ಕಳು, ನಗುತ್ತಲೇ ಸ್ವಲ್ಪ ಅತ್ತಳು. ಅಳುವಿನಿಂದ ಮತ್ತೆ ನಗುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಗಂಟೆಗಳ ಸದ್ದು ಕೇಳಿಸಿತು.

ಹನ್ನೆರಡು ಸೈಕಲ್ಲುಗಳು ಕೋಟೆ, ಬಸದಿ, ದೀಪಸ್ತಂಭಗಳನ್ನೆಲ್ಲ ಸುತ್ತಿ ಕಡಲ ರಸ್ತೆಯಿಂದ ಸುಂಕದಕಟ್ಟೆಗೆ ಹಿಂದಿರುಗಿದ್ದವು. ಗಜಾನನನು ಓಣಿಯ ಬಾಯಲ್ಲಿ ನಿಂತು ಕಣ್ಣುಜ್ಜಿಕೊಂಡ. ಸುಂಕದಕಟ್ಟೆಯ ಕಂಬದಿಂದ ಈ ರಣರಂಗದವರೆಗೆ ಹೆಜ್ಜೆ ಎಣಿಸುತ್ತ ನಡೆದು ಬಂದ. "ಹದ್ನಾಲ್ಕ್ ಹೆಜ್ಜೆ!" ಎಂದ. "ನಾವ್ ಎಂಟ್ ಕಿಲೋಮೀಟ್ರ್ ಮುಗ್ಸಿ ಬಂದ್ವ್, ನೀವ್ ಹದ್ನಾಲ್ಕ್ ಹೆಜ್ಜೆಯಾ?"

ಅವನ ಹಿಂದೆ ಎರಡೂ ಕಡೆಯ ನೆಂಟರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು: ಧಾರವಾಡದ ಸೋದರತ್ತೆಯರು, ಕುಂದಾಪುರದ ಅತ್ತಿಗೆಯರು, ಎಲುಬಿಲ್ಲದ ನಾಲಿಗೆಗಳೆಲ್ಲ ಒಂದೇ ಕಡೆ. ಸೌಪರ್ಣಿಕೆ ಗಂಡನ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ನೆಲದಿಂದ ಏಳಬೇಕು. ಐವತ್ನಾಲ್ಕರ ನಾಲ್ಕು ಮಂಡಿಗಳು ಅಷ್ಟು ಸುಲಭವಾಗಿ ಏಳುವವಲ್ಲ. ಒಬ್ಬರು ಮೊದಲು ಎದ್ದು ಇನ್ನೊಬ್ಬರನ್ನು ಎಳೆಯಬೇಕು, ಬೇರೆ ದಾರಿಯಿಲ್ಲ.

ಜಲಜಾಕ್ಷಿ ಗೋಡೆ ಹಿಡಿದು ಎದ್ದಳು. ಅಷ್ಟೂ ಜನರ ಕಣ್ಣೆದುರು, ಬೀಗಿತ್ತಿಗಿಂತ ಮೊದಲು, ಎದ್ದು ನಿಂತಳು. ನಿಂತು ಕೈ ಚಾಚಿದಳು.

"ಜೋರ ಎಳೀರಿ," ಎಂದಳು ನೀಲಗಂಗವ್ವ.

ಎಳೆದಳು. ಯಾರೂ ಏನೂ ಅನ್ನಲಿಲ್ಲ. ಎಲ್ಲರಿಗೂ ವಿಪರೀತ ಹಸಿವಾಗಿತ್ತು. ಬನ್ಸು ಮುಗಿದುಹೋಗುತ್ತದೆಂದು ಅವರಾಗಲೇ ಹೋಟೆಲಿನ ಕಡೆ ತಿರುಗಿದ್ದರು.