ಆಕಾಶವನ್ನೂ ಗುತ್ತಿಗೆಗೆ ಕೊಟ್ಟರು

ವಿಮಾನ ಹಾರಿಸುವವರಿಗೆ ಎದೆ ಡವಗುಟ್ಟುವುದು ಆಕಾಶದಲ್ಲಿ ಎಂದು ಜನ ತಿಳಿದಿದ್ದಾರೆ. ನನಗೆ ಡವಗುಟ್ಟಿದ್ದೆಲ್ಲ ನೆಲದ ಮೇಲೆ, ಅದೂ ಊರಿಗೆ ಬಂದಾಗ. ಒಂದು ಪೇಚು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತಿತ್ತು.

ನಾನು ಬಂಟ್ವಾಳದ ಹತ್ತಿರದ ನರಿಕೊಂಬಿನವನು. ತೊಂಬತ್ತರ ದಶಕದಲ್ಲಿ ಮುಂಬೈಯ ಒಂದು ದೊಡ್ಡ ವಿಮಾನ ಕಂಪೆನಿಗೆ ಸಹಪೈಲಟ್ ಆಗಿ ಸೇರಿದೆ. ಹೆಂಡತಿ ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್, ಮನೆಯೂ ಅಲ್ಲೇ. ಮುಂಬೈಯಿಂದ ನಮ್ಮ ಕಡೆಯ ವಿಮಾನ ನಿಲ್ದಾಣವಾದ ಬಜ್ಪೆಗೆ ಬರುವ ವಿಮಾನ ಆಗಾಗ ನನ್ನ ಪಾಲಿಗೆ ಬರುತ್ತಿತ್ತು. ಬಜ್ಪೆಯಲ್ಲಿ ತಂಗುವ ದಿನ ಮನೆಯ ಊಟ, ಮಕ್ಕಳ ಮುಖ. ಅಷ್ಟರಲ್ಲೇ ನನಗೆ ಸುಖವಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಸುದ್ದಿ ಹಬ್ಬಿತು. ಸಣ್ಣ ಊರುಗಳ ಹಾರಾಟವನ್ನೆಲ್ಲ ನಮ್ಮ ಕಂಪೆನಿ ಇನ್ನೊಂದು ಚಿಕ್ಕ ಕಂಪೆನಿಗೆ ಗುತ್ತಿಗೆ ಕೊಡುತ್ತದಂತೆ. ಅವರದು ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟ್ಟ ವಿಮಾನಗಳು. ನಮ್ಮ ಬಜ್ಪೆಯೂ ಆ ಸಣ್ಣ ಊರುಗಳ ಲೆಕ್ಕದಲ್ಲೇ ಇತ್ತು. ನಾನು ಕ್ಯಾಪ್ಟನ್ ಆಗುವ ಸರದಿ ಹತ್ತಿರ ಬಂದಿತ್ತು. ಹಾರಾಟ ಕಡಿಮೆಯಾದರೆ ಆ ಸರದಿ ಹಾಗಿರಲಿ, ಇದ್ದ ಕೆಲಸವೇ ಹೋಗಬಹುದಿತ್ತು. ಸುಳ್ಳು ಯಾಕೆ, ನನಗೆ ತುಂಬ ಹೆದರಿಕೆಯಾಯಿತು. ಊರಿನವರು ಆ ಹೆದರಿಕೆಯನ್ನು ಕಡಿಮೆ ಮಾಡಲು ಪಟ್ಟ ಪಾಡನ್ನು ಇಲ್ಲಿ ಹೇಳುತ್ತಿದ್ದೇನೆ.

೧. ಅಡುಗೆಯವರ ಗತಿ

ಬಂಟ್ವಾಳದಲ್ಲಿ ನಾನು ಚಾ ಕುಡಿಯುವ ಹೋಟೆಲಿನ ಯಜಮಾನರು ನನ್ನನ್ನು ಮೊದಲಿನಿಂದಲೂ ‘ಕ್ಯಾಪ್ಟನ್ರೆ’ ಎಂದೇ ಕರೆಯುತ್ತಿದ್ದರು. ನಾನಿನ್ನೂ ಕ್ಯಾಪ್ಟನ್ ಆಗಿಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಆ ದಿನ ಬನ್ಸಿನ ತಟ್ಟೆ ಇಟ್ಟು ಅವರೇ ಎದುರಿಗೆ ಕುಳಿತರು.

“ಎಂತ ಕ್ಯಾಪ್ಟನ್ರೆ, ಮುಖ ಸಪ್ಪೆ ಉಂಟಲ್ಲ?”

ಹೇಳಿದೆ. ಟಿಕೆಟ್ ನಮ್ಮ ಕಂಪೆನಿಯ ಹೆಸರಿನದು, ವಿಮಾನಕ್ಕೆ ಬಳಿದ ಬಣ್ಣವೂ ನಮ್ಮದೇ, ಹಾರಿಸುವವರು ಮಾತ್ರ ಬೇರೆ ಕಂಪೆನಿಯವರು ಎಂದು ವಿವರಿಸಿದೆ.

“ಇಷ್ಟೇಯಾ? ಮದುವೆಗೆ ಅಡುಗೆ ಗುತ್ತಿಗೆ ಕೊಡುದಲ್ವಾ ಇದು? ಮದುವೆ ಕಾಗದದಲ್ಲಿ ನಮ್ಮ ಹೆಸರು, ಸಾಂಬಾರು ಅವ್ರದ್ದು.”

“ತಿನ್ನುವವರಿಗೆ ಗೊತ್ತಾಗುದಿಲ್ವಾ?”

“ಗೊತ್ತಾಗ್ತದೆ. ಕೈ ತೊಳೆದ ಮೇಲೆ.”

ನಾನು ಚಿಂತೆಯಿಂದಲೇ ಕೇಳಿದೆ, “ಹಾಗಾದ್ರೆ ಮೊದಲಿಂದ ಅಡುಗೆ ಮಾಡ್ತಾ ಇದ್ದವ್ರ ಗತಿ ಎಂತ?”

“ಹಳಬರನ್ನು ಹಾಗೆ ಬಿಡ್ಲಿಕ್ಕೆ ಆಗ್ತದಾ? ಅವ್ರನ್ನು ಬಡಿಸ್ಲಿಕ್ಕೆ ನಿಲ್ಲಿಸುದು” ಎಂದರು. ನಂತರ ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿದರು. “ವಿಮಾನದಲ್ಲಿಯೂ ಬಡಿಸುವ ಕೆಲಸ ಉಂಟಲ್ಲ ಕ್ಯಾಪ್ಟನ್ರೆ? ಮೀಸೆ ಒಂದು ತೆಗಿಬೇಕಾದೀತು.”

೨. ಕಪ್ಪು ಪಟ್ಟಿ

ಗುತ್ತಿಗೆಯನ್ನು ವಿರೋಧಿಸಿ ಪೈಲಟ್‌ಗಳೆಲ್ಲ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡಬೇಕೆಂದು ನಮ್ಮ ಸಂಘ ತೀರ್ಮಾನಿಸಿತು. ಕೆಲಸ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ, ಪಟ್ಟಿ ಕಟ್ಟುವಷ್ಟು ಇತ್ತು.

ಬಜ್ಪೆಯಲ್ಲಿ ಆಗ ಪ್ರಯಾಣಿಕರು ನಡೆದುಕೊಂಡು ಬಂದು ಏಣಿ ಹತ್ತುತ್ತಿದ್ದರು. ಹೊರಡುವ ಮೊದಲು ವಿಮಾನಕ್ಕೆ ಒಂದು ಸುತ್ತು ಬಂದು ರೆಕ್ಕೆ, ಚಕ್ರ ಎಲ್ಲ ನೋಡುವುದು ಸಹಪೈಲಟ್‌ನ ಕೆಲಸ. ನಾನು ಬಗ್ಗಿ ಚಕ್ರ ನೋಡುತ್ತಿದ್ದಾಗ ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ, ನಾವೆಲ್ಲ ಕಾಕ ಎಂದು ಕರೆಯುವ ಹಿರಿಯರು ಸಾಲಿನಿಂದ ನನ್ನನ್ನು ಗುರುತು ಹಿಡಿದರು. ದುಬೈಯಲ್ಲಿದ್ದ ಮಗನನ್ನು ನೋಡಲು ಮುಂಬೈ ಮೂಲಕ ಹೊರಟಿದ್ದರು. ಅವರ ಕಣ್ಣು ನೇರ ನನ್ನ ತೋಳಿಗೆ ಹೋಯಿತು.

“ಅಯ್ಯೋ, ಯಾರು ಹೋದದ್ದು ಮಾರಾಯ್ರೆ?”

ನನ್ನ ತಲೆಯಲ್ಲಿದ್ದದ್ದು ಕೆಲಸವೊಂದೇ. “ಯಾರೂ ಹೋಗಿಲ್ಲ ಕಾಕ. ನಾವೇ ಹೋಗುವುದರಲ್ಲಿದ್ದೇವೆ” ಎಂದು ನಿಟ್ಟುಸಿರು ಬಿಟ್ಟು ಮತ್ತೆ ಚಕ್ರ ನೋಡಿದೆ.

ಕಾಕ ಏಣಿ ಹತ್ತಿದರು. ನಾನು ಒಳಗೆ ಬಂದು ನನ್ನ ಜಾಗದಲ್ಲಿ ಕುಳಿತುಕೊಳ್ಳುವಷ್ಟರಲ್ಲಿ ಗಗನಸಖಿ ಓಡಿ ಬಂದಳು. “ಸಾರ್, ಹಿಂದಿನ ಸಾಲುಗಳವರು ಇಳಿಯುತ್ತೇವೆ ಅಂತಿದ್ದಾರೆ. ಎಲ್ಲರೂ ಹೋಗುವವರಂತೆ, ಪೈಲಟೇ ಚಕ್ರ ನೋಡಿ ಹೇಳಿದ್ದಂತೆ.”

ಕ್ಯಾಪ್ಟನ್ ಪಂಜಾಬಿನವರು. ಏನಾಯಿತೆಂದು ತಿಳಿಯದೆ ನನ್ನನ್ನೇ ನೋಡಿದರು. ನಾನು ಮೈಕು ಹಿಡಿದು ಇಂಗ್ಲಿಷ್, ಹಿಂದಿ ಎಲ್ಲ ಬಿಟ್ಟು ನಮ್ಮ ಕನ್ನಡದಲ್ಲೇ ಹೇಳಿದೆ: “ವಿಮಾನಕ್ಕೆ ಎಂತದೂ ಆಗಿಲ್ಲ. ಹೋಗುದು ನಮ್ಮ ಕೆಲಸ. ದಯವಿಟ್ಟು ಕೂತ್ಕೊಳ್ಳಿ.”

ಹಿಂದಿನಿಂದ ಕಾಕನ ದೊಡ್ಡ ಸ್ವರ ನಮ್ಮ ಬಾಗಿಲಿನವರೆಗೆ ಬಂತು: “ಒಂದು ಮಾತು ಸರಿಯಾಗಿ ಹೇಳಿ ಬಿಡಿ ಮಾರಾಯ್ರೆ. ಕೆಲಸ ಹೋಗುದು ಮುಂಬೈ ಮುಟ್ಟಿದ ಮೇಲೆ ಅಲ್ವಾ?”

೩. ನಾಳಿದ್ದಿನ ಟಿಕೆಟ್

ಪೈಲಟ್‌ಗಳಿಗೆ ಆಗಾಗ ಆರೋಗ್ಯ ಪರೀಕ್ಷೆ ಉಂಟು. ಬಿಪಿ ಹೆಚ್ಚು ಬಂದರೆ ಮನೆಗೆ ಕಳಿಸಲು ಯಾವ ಗುತ್ತಿಗೆಯೂ ಬೇಡ. ನನಗೆ ಆ ದಿನಗಳಲ್ಲಿ ನಿದ್ದೆಯೇ ಇರಲಿಲ್ಲ. ಪರೀಕ್ಷೆಗೆ ಮೊದಲು ಒಮ್ಮೆ ನೋಡಿಕೊಳ್ಳುವ ಎಂದು ಮೂಡುಬಿದಿರೆಯ ಒಬ್ಬ ಡಾಕ್ಟರರಲ್ಲಿಗೆ ಹೋದೆ. ಅವರು ಕೈಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು.

“ಸ್ವಲ್ಪ ಮೇಲೆ ಉಂಟು. ಗಾಬರಿ ಬೇಡ. ನಿದ್ದೆ ಬರ್ತದಾ?”

“ಇಲ್ಲ ಡಾಕ್ಟ್ರೆ.”

“ಸಣ್ಣ ಶಬ್ದಕ್ಕೂ ಬೆಚ್ಚಿ ಬೀಳ್ತೀರಾ?”

“ಫೋನ್ ರಿಂಗಾದ್ರೆ ಸಾಕು, ಕೈ ನಡುಗ್ತದೆ.”

“ಎಂತ ಕೆಲಸ ನಿಮ್ದು?”

ಹೇಳಿದೆ. ಇನ್ನೊಮ್ಮೆ ನೋಡಲು ಗಾಳಿ ಹಾಕಿದ್ದ ಅವರು ಅದನ್ನು ಬಿಡುವುದನ್ನು ಮರೆತರು, ನನ್ನ ಕೈ ಮರಗಟ್ಟತೊಡಗಿತು. “ಬಜ್ಪೆ ವಿಮಾನವಾ?”

“ಹೌದು. ನಾಳಿದ್ದು ಉಂಟು ನಂದು.”

“ನಾಳಿದ್ದು ನಾವೂ ಮುಂಬೈಗೆ ಹೊರಟಿದ್ದೇವೆ” ಎಂದು ನಿಧಾನವಾಗಿ ಹೇಳಿದ ಡಾಕ್ಟರರು ನನ್ನ ಕೈಯಿಂದ ಪಟ್ಟಿ ಬಿಚ್ಚಿ ತಮ್ಮ ಕೈಗೆ ಸುತ್ತಿಕೊಂಡರು.

೪. ರಿವರ್ಸ್

ಹೆಂಡತಿಯ ತಮ್ಮನಿಗೆ ಬೆಳ್ತಂಗಡಿಯಲ್ಲಿ ರಬ್ಬರ್ ಶೀಟಿನ ವ್ಯಾಪಾರ. ಸ್ವಂತ ಟೆಂಪೊ ಇತ್ತು. ಅಕ್ಕ ಫೋನಿನಲ್ಲಿ ಅತ್ತದ್ದನ್ನು ಕೇಳಿ ನನಗೆ ಧೈರ್ಯ ಹೇಳಲು ಕರೆಸಿಕೊಂಡ.

“ಭಾವ, ಕೆಲಸ ಹೋದ್ರೆ ಹೋಗ್ಲಿ. ನಮ್ಮ ಟೆಂಪೊ ಉಂಟು, ನೀವು ಬಿಡಿ. ಅಷ್ಟು ದೊಡ್ಡ ವಿಮಾನ ಬಿಡುವವ್ರಿಗೆ ಇದೆಂತ?”

ಅವನ ಮನಸ್ಸು ಒಳ್ಳೆಯದು. ನನಗೆ ಕಣ್ಣು ತುಂಬಿ ಬಂತು. ಟೆಂಪೊ ಬಿಡಲು ನನ್ನಲ್ಲಿ ಲೈಸೆನ್ಸೇ ಇಲ್ಲ ಎಂದರೆ ಅವನು ನಂಬಲಿಲ್ಲ. “ಅಂಗಳದಲ್ಲಿ ಒಮ್ಮೆ ಹಿಂದೆ ತೆಗೆದು ನೋಡುವ, ಬನ್ನಿ” ಎಂದು ಕೀ ಕೈಗೆ ಕೊಟ್ಟ. ಅವನು ಹಿಂದೆ ನಿಂತು “ಬರ್ಲಿ, ಬರ್ಲಿ” ಅಂದ. ನಾನು ಬಂದೆ. ಗೋದಾಮಿನ ಮೂಲೆಯ ನೀರಿನ ತೊಟ್ಟಿಯೂ ನನ್ನೊಟ್ಟಿಗೆ ಸ್ವಲ್ಪ ದೂರ ಬಂತು.

ಅವನು ಒಡೆದ ತೊಟ್ಟಿಯನ್ನೂ ನನ್ನನ್ನೂ ನೋಡಿದ. “ಎಂತ ಭಾವ ಇದು?”

“ವಿಮಾನವನ್ನು ನಾವು ಹಿಂದೆ ತೆಗಿಯುದಿಲ್ಲ ಮಾರಾಯ” ಎಂದೆ ತಗ್ಗಿದ ದನಿಯಲ್ಲಿ.

“ಮತ್ತೆ ಹಿಂದೆ ಹೋಗುದು ಹೇಗೆ?”

“ಬೇರೆಯವರು ಬಂದು ದೂಡ್ತಾರೆ.”

ಅವನು ನನ್ನ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಮಾಡಿದ: “ಹಾಗಾದ್ರೆ ಚಿಂತೆ ಬಿಡಿ ಭಾವ. ದೂಡುದನ್ನು ಅವ್ರು ಸುರು ಮಾಡಿ ಆಯ್ತಲ್ಲ.”

೫. ಎಡ ಸೀಟು

ನನ್ನ ಸೋದರಮಾವ ಬೆಳ್ತಂಗಡಿ-ಮೂಡುಬಿದಿರೆ ರೂಟಿನಲ್ಲಿ ಬಸ್ಸು ಬಿಟ್ಟು ನಿವೃತ್ತರಾದವರು. ನಾನು ಪೈಲಟ್ ಆದಾಗ ನನಗಿಂತ ಹೆಚ್ಚು ಖುಷಿಪಟ್ಟವರು ಅವರೇ. ವಿಮಾನದ ಮುಂಭಾಗದಲ್ಲಿ ನಾನೂ ನಮ್ಮ ಒಬ್ಬ ಕ್ಯಾಪ್ಟನ್ನರೂ ಕುಳಿತ ಫೋಟೋವನ್ನು ಅವರಿಗೆ ಕೊಟ್ಟಿದ್ದೆ. ಎಡಗಡೆ ತಲೆ ನರೆತ ಕ್ಯಾಪ್ಟನ್, ಬಲಗಡೆ ನಾನು. ಅದಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದರು.

ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆ, ಸಹಪೈಲಟ್ ಬಲಗಡೆ. ನಮ್ಮ ಬಸ್ಸಿನಲ್ಲಿ ಡ್ರೈವರು ಕೂರುವುದು ಬಲಗಡೆ. ಮಾವ ಬಂದವರಿಗೆಲ್ಲ ಫೋಟೋ ತೋರಿಸಿ, “ಅಳಿಯ ಡ್ರೈವರ್ ಸೀಟಲ್ಲೇ ಇದ್ದಾನೆ ನೋಡಿ” ಎನ್ನುವರು. ಆಮೇಲೆ ಕ್ಯಾಪ್ಟನ್ನರ ಕಡೆಗೆ ಬೆರಳು ತೋರಿಸಿ, “ಇವ್ರು ಪಾಪ, ಈ ಪ್ರಾಯದಲ್ಲಿಯೂ ಕ್ಲೀನರ್” ಎಂದು ಮರುಗುವರು. ಅವರ ಸಂತೋಷ ಕೆಡಿಸಲು ನನಗೆ ಬಾಯಿ ಬರಲಿಲ್ಲ.

ಹೀಗಿರುವಾಗ ಆ ಚಿಕ್ಕ ಕಂಪೆನಿಯಿಂದಲೇ ನನಗೆ ಕರೆ ಬಂತು. ನಮ್ಮ ಅನ್ನ ಕಸಿಯುವವರು ಎಂದು ನಾವು ಬೈಯುತ್ತಿದ್ದವರು! ಸಂದರ್ಶನಕ್ಕೆ ಬನ್ನಿ, ಕ್ಯಾಪ್ಟನ್ ಆಗಿಯೇ ತೆಗೆದುಕೊಳ್ಳುತ್ತೇವೆ, ಬಜ್ಪೆಯ ಹಾರಾಟವೂ ಸಿಗುತ್ತದೆ ಎಂದರು. ದೊಡ್ಡ ವಿಮಾನವನ್ನು ಬಿಟ್ಟುಕೊಡಬೇಕು, ಆದರೆ ಊರು ಕೈ ಬಿಡುವುದಿಲ್ಲ. ಯಾರಲ್ಲಿ ಕೇಳುವುದು? ಹಿರಿಯರಲ್ಲಿ ಒಂದು ಮಾತು ಎಂದು ಮಾವನಿಗೆ ಫೋನ್ ಮಾಡಿದೆ.

“ಮಾವ, ಚಿಕ್ಕ ಕಂಪೆನಿಯವರು ಕರೀತಿದ್ದಾರೆ. ಎಡ ಸೀಟು ಕೊಡ್ತಾರಂತೆ. ಹೋಗುದಾ?”

ಮಾವ ಸ್ವರ ತಗ್ಗಿಸಿ ಕೇಳಿದರು: “ನನ್ನಲ್ಲಿ ಮುಚ್ಚಿಡ್ಬೇಡ ಮಗಾ. ಎಲ್ಲಿ ಗುದ್ದಿದ್ದಿ?”

೬. ಖಾಲಿ ಜಾಗ

ನಾನು ಆ ಚಿಕ್ಕ ಕಂಪೆನಿಗೆ ಸೇರಿಯೇ ಸೇರಿದೆ. ಧೈರ್ಯ ಬಂದು ಸೇರಿದ್ದಲ್ಲ. ಸಂದರ್ಶನದ ದಿನ ನಡೆದದ್ದು ಹೀಗೆ.

ಮುಂಬೈಯ ಅವರ ಆಫೀಸಿನಲ್ಲಿ ಮೂವರು ಕುಳಿತಿದ್ದರು. ನಡುವೆ ಮುಖ್ಯ ಪೈಲಟ್, ಎರಡೂ ಕಡೆ ಟೈ ಕಟ್ಟಿದ ಆಫೀಸಿನವರು. ಇಷ್ಟು ದೊಡ್ಡ ಕಂಪೆನಿ ಬಿಟ್ಟು ಯಾಕೆ ಬರುತ್ತೀರಿ ಎಂದು ಮುಖ್ಯ ಪೈಲಟ್ ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು. ನಿಮ್ಮ ಕಂಪೆನಿಗೆ ಒಳ್ಳೆಯ ಭವಿಷ್ಯವಿದೆ, ಅದಕ್ಕೆ ಎಂದೆ. ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಕಲಿತ ಸುಳ್ಳು ಅದು. ನಿಜ ಹೇಳಬೇಕೆಂದರೆ ಅಲ್ಲಿದ್ದರೆ ಕೆಲಸ ಹೋದೀತು ಎಂಬ ಹೆದರಿಕೆ, ಇಲ್ಲಿಗೆ ಬಂದರೆ ಇದೂ ಮುಳುಗೀತು ಎಂಬ ಹೆದರಿಕೆ. ಮಕ್ಕಳಿನ್ನೂ ಚಿಕ್ಕವರು.

ಟೈ ಕಟ್ಟಿದವರು ಏನನ್ನೋ ಮಾತಾಡಿಕೊಂಡು ಹೊರಗೆ ಹೋದರು. ಬಾಗಿಲು ಮುಚ್ಚಿತು. ಮುಖ್ಯ ಪೈಲಟ್ ಮುಂದಕ್ಕೆ ಬಾಗಿ, ಊರು ಎಲ್ಲಿ ಎಂದು ತುಳುವಿನಲ್ಲಿ ಕೇಳಿದರು. ನನಗೆ ಜೀವ ಬಂದ ಹಾಗಾಯಿತು. ನರಿಕೊಂಬು ಎಂದೆ.

“ನಂದು ಮೂಡುಬಿದಿರೆ ಹತ್ರ ಶಿರ್ತಾಡಿ ಮಾರಾಯ್ರೆ! ಮೊದ್ಲೇ ಹೇಳ್ಬಾರ್ದಾ?” ಎಂದು ಕೈ ಹಿಡಿದುಕೊಂಡರು.

ಊರಿನವರೇ ಸಿಕ್ಕಿದರಲ್ಲ, ಇನ್ನು ಮುಚ್ಚುಮರೆ ಯಾಕೆ ಎಂದು ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಸಂಘದಲ್ಲಿ ಜಗಳ, ನಿದ್ದೆಯಿಲ್ಲ, ಹೆಂಡತಿಯ ಕಣ್ಣೀರು, ನಿಮ್ಮ ಕಂಪೆನಿಯ ಹೆಸರು ಕೇಳಿದರೆ ನಮಗೆಲ್ಲ ಹೆದರಿಕೆಯಾಗುತ್ತದೆ ಎಂಬುದನ್ನೂ ಹೇಳಿದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. “ನಿಮ್ಗೆ ನಮ್ಮ ಹೆದರಿಕೆ. ನಮ್ಗೆ ಯಾರ ಹೆದರಿಕೆ ಗೊತ್ತುಂಟಾ? ನಿಮ್ಮ ಕಂಪೆನಿ ಗುತ್ತಿಗೆ ಕೊಡುದು ಒಂದೊಂದೇ ವರ್ಷಕ್ಕೆ. ನಮ್ಗಿಂತ ಕಡಿಮೆಗೆ ಹಾರಿಸುವವ ಇನ್ನೊಬ್ಬ ಬಂದ್ರೆ ನಾವೆಲ್ಲ ಮನೆಗೆ. ನಾನು ನಿದ್ದೆ ಮಾಡದೆ ಎಷ್ಟು ಕಾಲ ಆಯ್ತು ಅಂತ ನಂಗೇ ನೆನಪಿಲ್ಲ.”

ನನಗೆ ಅವರ ಮೇಲೆ ಕನಿಕರ ಬಂತು. ಅವರಿಗೆ ನನ್ನ ಮೇಲೆ ಬಂದದ್ದು ಏನೆಂದು ಆಮೇಲೆ ತಿಳಿಯಿತು.

“ಒಂದು ಮಾತು ಕೇಳ್ಲಾ? ಯಾರಲ್ಲಿಯೂ ಹೇಳ್ಬಾರ್ದು. ನೀವು ಬಿಟ್ರೆ ಅಲ್ಲಿ ನಿಮ್ಮ ಜಾಗ ಖಾಲಿ ಆಗ್ತದಲ್ಲ? ಅದಕ್ಕೆ ಯಾರನ್ನು ಹಿಡೀಬೇಕು?”

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. “ಸಾರ್, ಹಾಗಾದ್ರೆ ನಾನು ಇಲ್ಲಿಗೆ ಬರುದಾ, ಬೇಡ್ವಾ? ನೀವೇ ಹೇಳಿ.”

ಹೊರಗೆ ಹೆಜ್ಜೆ ಸಪ್ಪಳ ಕೇಳಿತು, ಟೈ ಕಟ್ಟಿದವರು ಮರಳಿ ಬರುತ್ತಿದ್ದರು. ಮುಖ್ಯ ಪೈಲಟ್ ಗಡಿಬಿಡಿಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು.

“ಬೇಡ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ, ಬಂದೇ ಬನ್ನಿ. ನೀವು ಬರದಿದ್ರೆ ನಾನು ಅಲ್ಲಿಗೆ ಹೋಗುದು ಹೇಗೆ?”