ಬಾಗಿಲಲ್ಲಿ ನಿಂತಿರುವ ಕುಲಸಚಿವರಿಗೆ

ವಿಶ್ವವಿದ್ಯಾಲಯದ ಘನತೆವೆತ್ತ ಕುಲಸಚಿವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು, ತಮ್ಮ ಕುರ್ಚಿಯೂ ಕ್ಷೇಮವೆಂದು, ಅದರ ಚಕ್ರಗಳು ಸದ್ದಿಲ್ಲದೆ ಉರುಳುತ್ತಿವೆಯೆಂದು ನಂಬಿ, ಅತ್ಯಂತ ಗೌರವದಿಂದ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಯಾರೆಂದು ತಮಗೆ ಗೊತ್ತಿರುವುದಿಲ್ಲ. ತಮ್ಮಲ್ಲಿ ತಮಿಳು ಭಾಷೆ ಮತ್ತು ಸಾಹಿತ್ಯದ ಎಂ.ಎ. ಓದುತ್ತಿರುವ, ಅಂದರೆ ಮೂರು ಸೆಮಿಸ್ಟರ್ ಓದಿ ನಾಲ್ಕನೆಯದರ ಹೊಸ್ತಿಲಲ್ಲಿ ತಾವು ನಿಲ್ಲಿಸಿಟ್ಟಿರುವ ವಿದ್ಯಾರ್ಥಿನಿಯ ಸೊಸೆ ನಾನು. ವೃತ್ತಿಯಿಂದ ನೀರು ಸರಬರಾಜು ಕಚೇರಿಯಲ್ಲಿ ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆಯುವವಳು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಗೋಳಾಡಿದವರಿಗೆ ನೀರಿನ ಮಿತಬಳಕೆಯ ಬಗ್ಗೆ ತಿಳಿವಳಿಕೆ ಹೇಳಿ ಕಳಿಸುವಷ್ಟು ಪಳಗಿದ ಕೈ ನನ್ನದು. ದೂರು ಬರೆಯುವ ಕಡೆಗೆ ಬಂದು ನಿಂತದ್ದು ಇದೇ ಮೊದಲಾದ್ದರಿಂದ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ಮೆಚ್ಚುಗೆ ಸಲ್ಲಿಸುತ್ತೇನೆ. ವಿಭಾಗವನ್ನು ಯಾಕೆ ಮುಚ್ಚಿದಿರಿ ಎಂದು ನಮ್ಮ ಅತ್ತೆ ವಿನಯದಿಂದ ಕೇಳಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರವನ್ನು ನಾನು ನನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ‘ಸದರಿ ವಿಭಾಗವನ್ನು ಮುಚ್ಚಿರುವುದಿಲ್ಲ, ಬೇಡಿಕೆಯ ಅಭಾವದಿಂದ ವಿಶ್ರಾಂತಿಯಲ್ಲಿ ಇರಿಸಲಾಗಿದೆ’ ಎಂಬ ಆ ವಾಕ್ಯವನ್ನು ಓದಿದಾಗ, ಇಷ್ಟು ವರ್ಷ ಕಚೇರಿಯಲ್ಲಿ ನಾನು ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಅನ್ನಿಸಿತು. ಒಡೆದ ಕೊಳವೆಯನ್ನು ನಾವು ದಡ್ಡರ ಹಾಗೆ ಒಡೆದಿದೆ ಎಂದೇ ಬರೆಯುತ್ತಿದ್ದೆವು. ಇನ್ನು ಮುಂದೆ ಅದೂ ವಿಶ್ರಾಂತಿಯಲ್ಲಿರುತ್ತದೆ.

ನಮ್ಮ ಅತ್ತೆ ಕೆಲಸದಲ್ಲಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸುವುದು, ಜೋಡಿಸಿದ ಮೇಲೆ ಕೇಳಿಸಿಕೊಳ್ಳದೆ ಇರುವುದು, ಕಿವಿಗೆ ಬಿದ್ದರೂ ಬಾಯಿ ಬಿಡದೆ ಇರುವುದು, ನಿವೃತ್ತಿಯವರೆಗೂ ಇದೇ ಅವರ ನೌಕರಿ. ತಮಿಳು ಅವರ ತಾಯಿಯ ಮಾತು. ಅಡುಗೆಮನೆಯಲ್ಲಿ ಕಲಿತದ್ದು, ಓದಲು ಬರೆಯಲು ಬಾರದ್ದು. ನಿವೃತ್ತಿಯ ಮೇಲೆ ಅಕ್ಷರ ತಿದ್ದಿದರು, ಒಂದು ಸರ್ಟಿಫಿಕೇಟ್ ಕೋರ್ಸ್ ಮುಗಿಸಿದರು, ತಮ್ಮ ಪ್ರವೇಶ ಪರೀಕ್ಷೆಯನ್ನೂ ಪಾಸು ಮಾಡಿದರು. ‘ನಮ್ಮಮ್ಮ ಜಗಳಕ್ಕೂ ಮುದ್ದಿಗೂ ಇದೊಂದೇ ಭಾಷೆ ಇಟ್ಕೊಂಡಿದ್ಲು. ಅದ್ರಲ್ಲಿ ಇನ್ನೂ ಏನೇನಿದೆ ಅಂತ ಒಂದ್ಸಲ ನೋಡ್ಬೇಕು ಕಣಮ್ಮ’ ಎಂದು ನನಗೆ ಕಾರಣ ಹೇಳಿದರು. ಇದು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಲ್ಲವೇ ಎಂದು ಸಂಬಂಧಿಕರು ಮೂಗು ಮುರಿದಾಗ, ಮೊಮ್ಮಕ್ಕಳು ಆಡಿಸಿಕೊಳ್ಳುವ ವಯಸ್ಸು ದಾಟಿದ್ದಾರೆ ಎಂದು ನಾನೇ ಉತ್ತರ ಕೊಟ್ಟೆ. ಉತ್ತರ ಕೊಡುವುದು ನನ್ನ ಕಸುಬು.

ತರಗತಿಯಲ್ಲಿದ್ದವರು ಮೂವರು: ಅತ್ತೆ, ರಾತ್ರಿ ಪಾಳಿ ಮುಗಿಸಿ ಬಂದು ಮೊದಲ ಪಾಠಕ್ಕೆ ಎಚ್ಚರವಿದ್ದು ಎರಡನೆಯದಕ್ಕೆ ತೂಕಡಿಸುವ ಒಬ್ಬ ನರ್ಸ್, ಮತ್ತು ಹಾಸ್ಟೆಲಿನಲ್ಲಿ ಕೋಣೆ ಸಿಗಲೆಂದು ಹೆಸರು ಹಚ್ಚಿ ಯಾರಿಗೂ ಮುಖ ತೋರಿಸದ ಒಬ್ಬ ಮಹಾನುಭಾವ. ಪಾಠ ಹೇಳುವವರು ಒಬ್ಬರೇ. ತಾವು ಅವರನ್ನು ಅರ್ಧ ವೇಳೆಗೆ ನೇಮಿಸಿಕೊಂಡು ಪೂರ್ತಿ ವಿಭಾಗವನ್ನು ತಲೆಯ ಮೇಲೆ ಹೊರಿಸಿದ್ದರಿಂದ ಆವರಣದಲ್ಲೆಲ್ಲ ಅವರಿಗೆ ಅರ್ಧ ಮೇಷ್ಟ್ರು ಎಂದೇ ಹೆಸರು. ಅವರ ಕೋಣೆ ಎರಡನೇ ಮಹಡಿಯ ಕೊನೆಯಲ್ಲಿ, ಹಳೆಯ ಉತ್ತರಪತ್ರಿಕೆಗಳ ಉಗ್ರಾಣದ ಆಚೆ. ಕರಿಹಲಗೆಯ ಮುಕ್ಕಾಲು ಭಾಗವನ್ನು ಸಂಖ್ಯಾಶಾಸ್ತ್ರದವರು ಯಾವುದೋ ಕಾಲದಲ್ಲಿ ಬಿಡಿಸಿದ ಒಂದು ನಕ್ಷೆ ಆಕ್ರಮಿಸಿತ್ತು, ಅದರ ಕೆಳಗೆ ‘ಅಳಿಸಬೇಡಿ’ ಎಂಬ ಅಪ್ಪಣೆಯಿತ್ತು. ಅರ್ಧ ಮೇಷ್ಟ್ರು ಅಳಿಸಲಿಲ್ಲ. ಅಳಿಸಲು ಅನುಮತಿ ಕೇಳಿ ತಮಗೆ ಬರೆದ ಅರ್ಜಿಗಳು ಪರಿಶೀಲನೆಯಲ್ಲಿದ್ದಷ್ಟು ಕಾಲ, ಉಳಿದ ಕಾಲು ಹಲಗೆಯಲ್ಲೇ ಎರಡು ಸಾವಿರ ವರ್ಷದ ಸಾಹಿತ್ಯವನ್ನು ಬರೆದು, ಒರೆಸಿ, ಮತ್ತೆ ಬರೆದು ಕಲಿಸಿದರು. ಜಾಗದ ಸದುಪಯೋಗದಲ್ಲಿ ತಮ್ಮ ಸಂಸ್ಥೆ ಲೋಕಕ್ಕೇ ಮಾದರಿ ಎಂದು ನಾನು ಧಾರಾಳವಾಗಿ ಹೇಳಬಲ್ಲೆ.

ನಮ್ಮ ಮನೆಗೆ ಕಷ್ಟ ಶುರುವಾದದ್ದು ಹಳೆಯ ಪ್ರೇಮಕವಿತೆಗಳ ಪಾಠ ಬಂದ ಮೇಲೆ. ಆ ಕವಿತೆಗಳಲ್ಲಿ ಪ್ರೇಮಿಗಳ ಹೆಸರು ಹೇಳುವ ಹಾಗಿಲ್ಲವಂತೆ. ಅವನು, ಅವಳು, ಅವಳ ಗೆಳತಿ, ಅವಳ ತಾಯಿ, ಅಷ್ಟೇ. ಈ ಪತ್ರದಲ್ಲೂ ಅದೇ ನಿಯಮ ಪಾಲಿಸಿ ಯಾರ ಹೆಸರನ್ನೂ ಹೇಳಿಲ್ಲ, ತಮ್ಮದನ್ನೂ ಸೇರಿಸಿ; ಇದರಿಂದ ತಮಗೆ ಅನುಕೂಲವೇ ಆಗುತ್ತದೆಂದು ಭಾವಿಸಿದ್ದೇನೆ. ಇನ್ನೊಂದು ನಿಯಮವೆಂದರೆ ಒಂದೊಂದು ಭಾವಕ್ಕೆ ಒಂದೊಂದು ನೆಲ: ಕೂಡುವುದಕ್ಕೆ ಬೆಟ್ಟ, ಕಾಯುವುದಕ್ಕೆ ಕಾಡು, ಅಳುವುದಕ್ಕೆ ಕಡಲತೀರ, ಅಗಲುವುದಕ್ಕೆ ಪಾಳುನೆಲ, ಮುನಿಸಿಗೆ ಗದ್ದೆಬಯಲು. ಅತ್ತೆ ನಮ್ಮ ಸಣ್ಣ ಮನೆಯನ್ನೂ ಹಾಗೆಯೇ ಹಂಚಿ ಹಾಕಿದರು. ಒಗೆಯುವ ಕಲ್ಲಿನ ಪಕ್ಕದ ಜಾಗ ಕಡಲತೀರವಾಯಿತು, ಗ್ಯಾಸ್ ಒಲೆಯ ಸುತ್ತಮುತ್ತ ಗದ್ದೆಬಯಲಾಯಿತು, ನಮ್ಮ ಮನೆಯವರು ಟಿವಿ ನೋಡುತ್ತ ಕೂರುವ ಮೂಲೆ ಪಾಳುನೆಲ ಎಂದು ಘೋಷಣೆಯಾಯಿತು. ಬೆಟ್ಟಕ್ಕೆ ಮನೆಯಲ್ಲಿ ಜಾಗ ಸಾಲಲಿಲ್ಲ.

ಅದರಲ್ಲೂ ಅತ್ತೆಯ ಮನಸ್ಸು ಹಿಡಿದದ್ದು, ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು, ಬಾಗಿಲು ತಡೆಯುವ ಕವಿತೆಗಳನ್ನು. ಸಂಗತಿ ಸರಳವಾದದ್ದು. ಗಂಡ ಇನ್ನೊಬ್ಬಳ ಮನೆ ಹಿಡಿದಿದ್ದು, ಏನೋ ಗರಜು ಬಿದ್ದಾಗ ವಾಪಸ್ ಬರುತ್ತಾನೆ. ನೇರ ಬರಲು ಮುಖವಿಲ್ಲದೆ ದೂತರನ್ನು ಮುಂದೆ ಬಿಡುತ್ತಾನೆ. ಹೆಂಡತಿ ಒಳಗಿರುತ್ತಾಳೆ, ಬಾಗಿಲಲ್ಲಿ ನಿಂತು ಆಗುವುದಿಲ್ಲ ಎನ್ನುವವಳು ಅವಳ ಗೆಳತಿ. ಗೆಳತಿ ಬೈಯುವುದಿಲ್ಲ. ನಿಮ್ಮೂರಿನಲ್ಲಿ ಎಮ್ಮೆಗಳು ಕೊಳಕ್ಕಿಳಿದು ತಾವರೆ ತುಳಿಯುತ್ತವಂತಲ್ಲ, ಕ್ಷೇಮವಾಗಿವೆಯೇ ಎಂದು ಮರ್ಯಾದೆಯಿಂದ ವಿಚಾರಿಸುತ್ತಾಳೆ. ಎಮ್ಮೆ ಯಾರು, ತಾವರೆ ಯಾರು ಎಂಬುದನ್ನು ಕೇಳಿಸಿಕೊಂಡವನೇ ಅರ್ಥ ಮಾಡಿಕೊಳ್ಳಬೇಕು.

ಅತ್ತೆ ಇದರ ಪ್ರಯೋಗವನ್ನು ಹೆತ್ತ ಮಗನ ಮೇಲೇ ಮಾಡಿದರು. ರಜೆಯ ದಿನ ಬೆಳಗ್ಗೆ ತರಕಾರಿ ತರುತ್ತೇನೆಂದು ಹೋಗಿ, ಸ್ನೇಹಿತರ ಜೊತೆ ಇಸ್ಪೀಟಿಗೆ ಕೂತು, ಊಟದ ಹೊತ್ತು ಮೀರಿದ ಮೇಲೆ ಬರಿಗೈಯಲ್ಲಿ ಬಂದು ಕರೆಗಂಟೆ ಒತ್ತಿದ ನಮ್ಮ ಮನೆಯವರಿಗೆ ಬಾಗಿಲು ತೆಗೆಯಲು ನಾನು ಎದ್ದರೆ, ‘ನೀನು ಒಳಗಿರು, ಗೆಳತಿ ನಾನು’ ಎಂದು ನನ್ನನ್ನು ಕೋಣೆಗೆ ತಳ್ಳಿ ತಾವೇ ಹೋಗಿ ಚಿಲಕದ ಈಚೆ ನಿಂತು ಎಮ್ಮೆಯ ಕ್ಷೇಮ ವಿಚಾರಿಸಿದರು. ‘ಯಾವ ಎಮ್ಮೆನಮ್ಮ, ಬಾಗ್ಲು ತೆಗಿ, ಹೊಟ್ಟೆ ಹಸೀತಿದೆ’ ಎಂದು ಆಚೆಯಿಂದ ಬಂದ ಉತ್ತರದಲ್ಲಿ ಕಾವ್ಯಗುಣವೇನೂ ಇರಲಿಲ್ಲ. ಕೊನೆಗೆ ಅವರು ಎದುರುಮನೆಯ ದರ್ಜಿಯನ್ನು ಪಂಚಾಯಿತಿಗೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ದರ್ಜಿಯ ದನಿ ಕೇಳಿದ್ದೇ ತಡ, ಅತ್ತೆ ಬಾಗಿಲು ತೆಗೆದು ಇಬ್ಬರನ್ನೂ ನಗುನಗುತ್ತ ಒಳಗೆ ಕರೆದರು. ‘ಜೊತೇಲಿ ಅತಿಥಿ ಬಂದ್ರೆ ತಡೆಯೋ ಹಾಗಿಲ್ಲ. ಅತಿಥಿ ಎದುರಿಗೆ ಮುನಿಸು ತೋರಿಸ್ಬಾರ್ದು. ಅದೂ ಪಾಠದಲ್ಲೇ ಇದೆ’ ಎಂದು ಆಮೇಲೆ ನನಗೆ ವಿವರಿಸಿದರು. ಮಾನ್ಯರೇ, ಈ ನಿಯಮವನ್ನು ತಾವು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಹೀಗಿರುವಾಗ ತಾವು ವಿಭಾಗವನ್ನು ವಿಶ್ರಾಂತಿಗೆ ಕಳಿಸಿ, ಅದರ ಕೋಣೆಯನ್ನು ನಾಯಕತ್ವ ಕೌಶಲ್ಯ ಕೇಂದ್ರಕ್ಕೆ ಕೊಟ್ಟಿರಿ. ಹೊಸ ಗಾಜಿನ ಬಾಗಿಲು ಬಂತು, ಬಣ್ಣಬಣ್ಣದ ಕುರ್ಚಿಗಳು ಬಂದವು, ಕಾಫಿ ಯಂತ್ರ ಬಂತು. ಯಾರೂ ಅಳಿಸಬಾರದಾಗಿದ್ದ ಆ ನಕ್ಷೆಯನ್ನು ಹಲಗೆಯ ಸಮೇತ ಕಿತ್ತು ಮೆಟ್ಟಿಲ ಕೆಳಗೆ ಒರಗಿಸಿದರು. ಅರ್ಧ ಮೇಷ್ಟ್ರಿಗೆ ವಾಹನ ನಿಲುಗಡೆಯ ಉಸ್ತುವಾರಿ ಸಿಕ್ಕಿತು, ಅದೂ ಅರ್ಧ ವೇಳೆಗೆ. ವಿಷಯ ತಿಳಿಯದ ಅತ್ತೆ ಎಂದಿನಂತೆ ಚೀಲ ತಗಲಿಸಿಕೊಂಡು ಹೋಗಿ, ಗಾಜಿನ ಆಚೆ ಒಂದಷ್ಟು ಜನ ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಿಂತು ನಾಯಕರಾಗುತ್ತಿರುವುದನ್ನು ನೋಡಿ ವಾಪಸ್ ಬಂದರು. ಪುಸ್ತಕಗಳು ಮಂಚದ ಕೆಳಗಿನ ಟ್ರಂಕಿಗೆ ಹೋದವು. ಅಂದಿನಿಂದ ನಮ್ಮ ಮನೆಯ ಮೂಲೆ ಬರೀ ಮೂಲೆ, ಒಲೆ ಬರೀ ಒಲೆ. ನಮ್ಮ ಮನೆಯವರು ಒಂದು ದಿನ ಬೇಕೆಂದೇ ತಡವಾಗಿ ಬಂದು ಗಂಟೆ ಒತ್ತಿದರು. ಅತ್ತೆ ಹೋಗಿ ಸುಮ್ಮನೆ ಬಾಗಿಲು ತೆಗೆದು ಒಳಗೆ ಬಂದರು. ಅವತ್ತು ನನಗೆ ತುಂಬಾ ಸಂಕಟವಾಯಿತು. ಕೋಪವೂ ಬಂತು, ಅದು ಈಗಲೂ ಇದೆ. ಜೀವನವಿಡೀ ಬೇರೆಯವರ ಮಾತು ಜೋಡಿಸಿದ ಹೆಂಗಸಿಗೆ ತನ್ನ ಮಾತನ್ನು ಬರೆಯಲು ಒಂದೇ ಒಂದು ಸೆಮಿಸ್ಟರ್ ಬಾಕಿಯಿತ್ತು. ಆ ಪ್ರಬಂಧ ಬರೆಯದಿದ್ದರೆ ಪದವಿಯಿಲ್ಲ, ಇದುವರೆಗೆ ಓದಿದ್ದಕ್ಕೆ ಕಾಸಿನ ಬೆಲೆಯಿಲ್ಲ.

ಈಗ ಕೆಲವು ದಿನಗಳಿಂದ ತಮ್ಮ ಕಡೆಯಿಂದ ದೂತರು ಬರತೊಡಗಿದ್ದಾರೆ. ಮೊದಲು ಫೋನಿನಲ್ಲಿ ಯಂತ್ರದ ದನಿಯೊಂದು ಅತ್ತೆಯನ್ನು ಪ್ರೀತಿಯ ವಿದ್ಯಾರ್ಥಿ ಎಂದು ಕರೆದು ಒಂದನ್ನು ಒತ್ತಲು ಹೇಳಿತು. ಅತ್ತೆ ಒತ್ತಲಿಲ್ಲ, ತಮ್ಮ ಕೆಲಸವನ್ನು ಕಿತ್ತುಕೊಂಡ ಯಂತ್ರಗಳ ಮೇಲೆ ಎಕ್ಸ್‌ಚೇಂಜಿನವರಿಗೆ ಹಳೆಯ ಸಿಟ್ಟಿದೆ. ಆಮೇಲೆ ತಮ್ಮ ಕಚೇರಿಯ ಸಹಾಯಕರೊಬ್ಬರು ಬಂದು ವಿಶ್ವವಿದ್ಯಾಲಯದ ಲಾಂಛನವಿರುವ ಟೋಪಿಯೊಂದನ್ನು ನನ್ನ ಕೈಗಿತ್ತು, ಸಾಹೇಬರಿಗೆ ಅಮ್ಮನವರ ಮೇಲೆ ಬಹಳ ಅಭಿಮಾನ ಎಂದು ಹೇಳಿ ಹೋದರು. ಮೂರನೆಯ ಸಲ ತಾವು ಅರ್ಧ ಮೇಷ್ಟ್ರನ್ನೇ ಕಳಿಸಿದಿರಿ. ತಮ್ಮ ಧೈರ್ಯಕ್ಕೆ ನಾನು ಬೆರಗಾದೆ.

ಅವರು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಕಂಠಪಾಠ ಒಪ್ಪಿಸುವವರ ಹಾಗೆ, ‘ಅಮ್ಮಾ, ಗುರುವಾರ ತಪಾಸಣಾ ಸಮಿತಿ ಬರ್ತಿದೆ. ಭಾಷಾ ವಿಭಾಗಗಳು ಎಷ್ಟು ನಡೀತಿವೆ ಅಂತ ನೋಡ್ತಾರಂತೆ. ಅವತ್ತೊಂದಿನ ನೀವು ಬಂದು ಕ್ಲಾಸಲ್ಲಿ ಕೂತಿರ್ಬೇಕಂತೆ, ನಾನು ಪಾಠ ಮಾಡ್ತಿರ್ಬೇಕಂತೆ’ ಎಂದರು. ಆಮೇಲೇನು ಎಂದು ಅತ್ತೆ ಒಳಗಿನಿಂದ ಕೇಳಿದ್ದಕ್ಕೆ, ‘ಆಮೇಲೆ ನಾನು ಪಾರ್ಕಿಂಗಿಗೆ ವಾಪಸ್’ ಎಂದರು ಮೇಷ್ಟ್ರು. ‘ಮೇಷ್ಟ್ರೇ, ಇದು ನೀವೇ ಮಾಡಿದ ಪಾಠ ಅಲ್ವಾ?’ ಎಂದರು ಅತ್ತೆ. ‘ಹೌದಮ್ಮ. ದೂತನ ಪಾರ್ಟು ನನಗೇ ಬರುತ್ತೆ ಅಂತ ಗೊತ್ತಿರ್ಲಿಲ್ಲ’ ಎಂದು ಅವರು ನಕ್ಕರು. ಆ ನಗುವನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ಆಗ ಅತ್ತೆ, ‘ಹೋಗು, ಬಾಗಿಲಿಗೆ ಹೋಗು. ಈಗ ಗೆಳತಿ ನೀನು’ ಎಂದರು. ಬಹಳ ದಿನದ ಮೇಲೆ ಅವರ ದನಿಗೆ ಜೀವ ಬಂದಿತ್ತು.

ಆದ್ದರಿಂದ, ಮಾನ್ಯರೇ, ಬಾಗಿಲಲ್ಲಿ ನಿಂತು ವಿನಯದಿಂದ ವಿಚಾರಿಸುತ್ತಿದ್ದೇನೆ: ತಮ್ಮ ಆವರಣದ ಎಮ್ಮೆಗಳು ಕ್ಷೇಮವೇ? ಕಾಫಿ ಯಂತ್ರದಲ್ಲಿ ನೊರೆ ಚೆನ್ನಾಗಿ ಬರುತ್ತಿದೆಯೇ? ಆ ಕೋಣೆಗೆ ಹೋದವರೆಲ್ಲ ಇಷ್ಟರಲ್ಲಿ ನಾಯಕರಾಗಿರಬೇಕು. ಅವರಲ್ಲೇ ಮೂವರನ್ನು ಆರಿಸಿ ಗುರುವಾರ ತಮಿಳು ಓದಲು ಕೂರಿಸಬಹುದಲ್ಲ, ನಾಯಕರಿಗೆ ಒಂದು ಬೆಳಗಿನಲ್ಲಿ ಬಾರದ ವಿದ್ಯೆ ಯಾವುದಿದೆ? ಅದಾಗದಿದ್ದರೆ, ಹಾಸ್ಟೆಲಿನ ಮಹಾನುಭಾವನನ್ನು ಹುಡುಕಿಸಿ ಅವನ ಮುಖವನ್ನು ಒಮ್ಮೆ ಎಲ್ಲರಿಗೂ ತೋರಿಸಬೇಕು. ಮೆಟ್ಟಿಲ ಕೆಳಗಿನ ಹಲಗೆಯನ್ನು ತರಿಸಿ ಅದರ ಮೇಲಿನ ನಕ್ಷೆಯನ್ನು ತಾವು ಸ್ವಹಸ್ತದಿಂದ ಅಳಿಸಿಕೊಡಬೇಕು. ಅರ್ಧ ಮೇಷ್ಟ್ರ ಇನ್ನರ್ಧವನ್ನು ಎಲ್ಲಿಟ್ಟಿದ್ದೀರೋ ಅಲ್ಲಿಂದ ತಂದು ಜೋಡಿಸಬೇಕು. ಮುಖ್ಯವಾಗಿ, ಆ ಗುರುವಾರವನ್ನು ಒಂದು ಸೆಮಿಸ್ಟರಿನಷ್ಟು ಉದ್ದಕ್ಕೆ ಎಳೆಯಬೇಕು. ಇವೆಲ್ಲ ಸಾಧ್ಯವಿಲ್ಲವಾದರೆ ತಾವು ಬೇಸರಪಟ್ಟುಕೊಳ್ಳಬಾರದು. ನಮ್ಮ ಅತ್ತೆಯವರು ಬರುವುದಿಲ್ಲ ಎಂದು ನಾವು ಹೇಳಿರುವುದಿಲ್ಲ. ಅವರನ್ನು ವಿಶ್ರಾಂತಿಯಲ್ಲಿ ಇರಿಸಲಾಗಿದೆ.

ತಮ್ಮ ಕಚೇರಿಯ ಗದ್ಯವನ್ನು ಇನ್ನೊಮ್ಮೆ ಸವಿಯುವ ಆಸೆಯಿಂದ ಉತ್ತರಕ್ಕೆ ಕಾದಿರುವ,

ತಮ್ಮ ವಿಶ್ವಾಸಿ,
ಗೆಳತಿ
(ಪಡಿತರ ಚೀಟಿಯ ಪ್ರಕಾರ: ಸೊಸೆ)

ವಿ.ಸೂ.: ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಎಮ್ಮೆ ಸರಿಯಾಗಿದೆ ಎಂದರು, ಆದರೆ ಕೊನೆಯಲ್ಲಿ ನಾನು ನಿಯಮ ಮುರಿದಿದ್ದೇನಂತೆ. ಈ ಸಲ ತಾವು ಒಬ್ಬರೇ ಬರುತ್ತಿಲ್ಲ, ಜೊತೆಗೆ ಸಮಿತಿಯವರಿದ್ದಾರೆ. ಅತಿಥಿಗಳ ಎದುರು ಬಾಗಿಲು ತಡೆಯುವ ಹಾಗಿಲ್ಲ. ಆದ್ದರಿಂದ ಗುರುವಾರ ಅತ್ತೆ ಖಂಡಿತ ಬರುತ್ತಾರೆ. ತಾವು ಕಳಿಸಿದ ಟೋಪಿ ಹಾಕಿಕೊಂಡು, ನಗುನಗುತ್ತ, ಮೊದಲ ಸಾಲಿನಲ್ಲೇ ಕೂರುತ್ತಾರೆ. ವಿಭಾಗ ಹೇಗೆ ನಡೆಯುತ್ತಿದೆ ಎಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ಉತ್ತರದ ತಯಾರಿಗಾಗಿ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿದೆ. ನಾಲ್ಕನೇ ಸೆಮಿಸ್ಟರಿನ ವೇಳಾಪಟ್ಟಿ, ಮೇಷ್ಟ್ರ ಹೆಸರಿನ ಸಮೇತ, ಬುಧವಾರದೊಳಗೆ ನಮ್ಮ ಮನೆ ಸೇರಿದರೆ ಆ ಉತ್ತರ ಚಿಕ್ಕದಾಗಿರುತ್ತದೆ. ಸೇರದಿದ್ದರೆ, ಅವರು ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಎಲ್ಲವನ್ನೂ ಕೇಳಿಸಿಕೊಂಡು ಬಾಯಿ ಬಿಡದೆ ಕೂತಿದ್ದವರು ಎಂಬುದನ್ನು, ಮತ್ತು ಈಗ ನಿವೃತ್ತರಾಗಿದ್ದಾರೆ ಎಂಬುದನ್ನು, ತಮ್ಮ ಅವಗಾಹನೆಗೆ ತರಲಾಗಿದೆ.