ದುರ್ಬೀನಿನ ಮುಂದೆ ಸಾಡೇಸಾತಿ

ಆಕಾಶದಲ್ಲಿ ಎಲ್ಲವೂ ಲೆಕ್ಕದ ಪ್ರಕಾರ ನಡೆಯುತ್ತದೆ. ಅದನ್ನು ನೋಡಲು ಬರುವವರ ಲೆಕ್ಕ ಮಾತ್ರ ನನಗೆ ಇವತ್ತಿಗೂ ಹತ್ತಿಲ್ಲ.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ವಾರವಿಡೀ ಬೇಗಂಪೇಟೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ನಾನು, ರವಿವಾರ ಬಂತೆಂದರೆ ಒಂದು ವಿಜ್ಞಾನ ಮ್ಯೂಸಿಯಮ್ಮಿಗೆ ಓಡುತ್ತಿದ್ದೆ. ಮಧ್ಯಾಹ್ನ ಗುಮ್ಮಟದೊಳಗೆ ಕತ್ತಲು ಮಾಡಿ ನಕ್ಷತ್ರಗಳ ಕತೆ ಹೇಳುವುದು, ಸಂಜೆ ತಾರಸಿಯ ಮೇಲೆ ದುರ್ಬೀನು ಇಟ್ಟು ಚಂದ್ರನನ್ನೂ ಗ್ರಹಗಳನ್ನೂ ತೋರಿಸುವುದು ನನ್ನ ಕೆಲಸ. ಪಗಾರ ಇಲ್ಲ. ಇವತ್ತು ಜನ ಏನು ಕೇಳುತ್ತಾರೋ ಎಂಬ ಕುತೂಹಲವೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು.

ಕೂಕಟ್‌ಪಲ್ಲಿಯ ಮನೆಯಲ್ಲಿ ನಮ್ಮ ಅತ್ತೆಯವರಿಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲ. ಅವರಿಗೆ ಸಾಡೇಸಾತಿ, ಅಂದರೆ ಏಳೂವರೆ ವರ್ಷದ ಶನಿಕಾಟ ನಡೆದಿತ್ತು. ತಮ್ಮ ಮೊಣಕಾಲು ನೋವಿಗೂ, ಮಗ ಕಂಪನಿಯಲ್ಲಿ ಪ್ರಾಜೆಕ್ಟಿಲ್ಲದೆ ಸುಮ್ಮನೆ ಕೂತದ್ದಕ್ಕೂ ಶನಿಯೇ ಕಾರಣವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಮಂದಿ ಅವನ ಕಣ್ಣು ತಪ್ಪಿಸಿ ಅಡ್ಡಾಡ್ತಾರ. ನೀ ಹುಡುಕ್ಕೊಂಡು ಹೋಗಿ ನೋಡ್ತಿ, ಮಂದೀಗೂ ತೋರಸ್ತಿ. ಬಿಟ್ಟುಬಿಡವಾ ಅದನ್ನ" ಎಂದು ಪ್ರತಿ ರವಿವಾರ ನಾನು ಚಪ್ಪಲಿ ಮೆಟ್ಟುವಾಗ ಹೇಳುತ್ತಿದ್ದರು. ಒಂದಿನ ಬಿಡಲೇಬೇಕಾಗುತ್ತದೆ ಎಂಬ ಹೆದರಿಕೆ ನನಗೂ ಇತ್ತು.

ನನ್ನ ಅಭಿಮಾನಿ

ಗುಮ್ಮಟದ ಪ್ರದರ್ಶನಕ್ಕೆ ಒಬ್ಬ ತರುಣ ತಪ್ಪದೆ ಬರುತ್ತಿದ್ದ. ಅದೇ ಮೂಲೆ, ಅದೇ ಕುರ್ಚಿ. ನನಗೋ ಹಿಗ್ಗು. ಅವನಿಗಾಗಿಯೇ ಓದಿಕೊಂಡು ಬಂದು ಹೊಸ ಹೊಸ ವಿಷಯ ಸೇರಿಸುತ್ತಿದ್ದೆ. ಕೊನೆಗೊಮ್ಮೆ ತಡೆಯಲಾರದೆ, "ನಿಮಗೆ ಯಾವ ಭಾಗ ಬಹಳ ಇಷ್ಟ?" ಎಂದು ಕೇಳಿಯೇಬಿಟ್ಟೆ.

"ಎಸಿ, ಮೇಡಂ" ಎಂದ. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿಯಂತೆ. ರೂಮಿನಲ್ಲಿ ಹಗಲು ಗದ್ದಲ, ಸೆಕೆ. ಇಲ್ಲಿ ಕತ್ತಲು, ತಂಪು, ಮೇಲೆ ನನ್ನ ಧ್ವನಿ. ಗುರುಗ್ರಹ ಬರುವಷ್ಟರಲ್ಲಿ ಅವನಿಗೆ ಗಾಢ ನಿದ್ದೆ.

ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿ ಸಮಾಧಾನ ಹೇಳುವವನಂತೆ, "ಹೋದ ವಾರ ಮಾತ್ರ ಸ್ವಲ್ಪ ತ್ರಾಸಾಯ್ತು ಮೇಡಂ. ನೀವು ಅಷ್ಟು ಚೆನ್ನಾಗಿ ಹೇಳಿದಿರಿ, ನಿದ್ದೆಯೇ ಬರಲಿಲ್ಲ" ಎಂದ.

ಚಂದ್ರನ ಮೇಲಿನ ಪಾಯಾ

ಮಣಿಕೊಂಡದ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಯಾದಗಿರಿ ಕಡೆಯ ಗಂಡ ಹೆಂಡತಿ ರಜೆಯ ದಿನ ಬಂದಿದ್ದರು. ನನ್ನ ಕನ್ನಡ ಕೇಳಿ ಆ ಹೆಣ್ಣುಮಗಳಿಗೆ ಧೈರ್ಯ ಬಂತು. ಸೆರಗು ಸಿಕ್ಕಿಸಿ ದುರ್ಬೀನಿಗೆ ಕಣ್ಣಿಟ್ಟಳು. ಚಂದ್ರನ ಮೈತುಂಬ ಇರುವ ಕುಳಿಗಳನ್ನು ನೋಡಿದವಳೇ ಗಂಡನ ರಟ್ಟೆ ಹಿಡಿದೆಳೆದಳು.

"ಅಯ್ಯ, ಬಾ ಇಲ್ಲಿ! ಇಲ್ಲೂ ಪಾಯಾ ತೋಡಿ ಹಂಗ ಬಿಟ್ಟಾರ!"

ಗಂಡ ನೋಡಿದ. "ಹೌದಲಾ! ಒಂದು ಪಿಲ್ಲರ್ ಸೈತ ಎದ್ದಿಲ್ಲ."

ಅದು ಪಾಯಾ ಅಲ್ಲ, ಆಕಾಶದಿಂದ ಬಂಡೆಗಳು ಬಿದ್ದು ಆದ ಕುಳಿ, ಅಲ್ಲಿ ಗಾಳಿಯಿಲ್ಲ, ನಮ್ಮ ಹಾಗೆ ಹರಿಯುವ ನೀರಿಲ್ಲ ಎಂದೆಲ್ಲ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

"ನೀರಿಲ್ಲಂದ್ರ ಸಿಮೆಂಟ್ ಮಾಲು ಹ್ಯಾಂಗ ಕಲಸ್ಬೇಕ್ರಿ? ಅದಕ್ಕ ಬಿಲ್ಡರ್ ಅರ್ಧಕ್ಕ ಬಿಟ್ಟು ಓಡ್ಯಾನ."

ಹಿಂದೆ ಸಾಲಿನಲ್ಲಿದ್ದ ಸಾಫ್ಟ್‌ವೇರ್ ಹುಡುಗ ಮಣಿಕೊಂಡದಲ್ಲಿ ಫ್ಲ್ಯಾಟ್ ಬುಕ್ ಮಾಡಿ ಕೀಲಿಕೈಗಾಗಿ ಕಾಯುತ್ತಿದ್ದನಂತೆ. ಬಿಲ್ಡರ್ ಓಡಿದ ಎಂಬುದಷ್ಟೇ ಅವನ ಕಿವಿಗೆ ಬಿದ್ದಿರಬೇಕು. ಗಾಬರಿಯಿಂದ ಮುಂದೆ ನುಗ್ಗಿ, "ಯಾವ ಬಿಲ್ಡರ್?" ಎಂದ.

ಎಣ್ಣೆ

ಶನಿಗ್ರಹ ಸಂಜೆಯ ಆಕಾಶಕ್ಕೆ ಬಂದಾಗ ಅವನಿಗೇ ಬೇರೆ ದುರ್ಬೀನು ಇಟ್ಟೆ. ಬಳೆ ತೊಟ್ಟ ಆ ಪುಟ್ಟ ಗ್ರಹವನ್ನು ಎಷ್ಟು ಸಲ ನೋಡಿದರೂ ನನಗೆ ಎದೆ ತುಂಬಿ ಬರುತ್ತದೆ. ಆದರೆ ಹೆಸರು ಹೇಳಿದ ಕೂಡಲೆ ಜನ ಮಾಯ. ಚಂದ್ರನ ಮುಂದೆ ಮೆಟ್ಟಿಲವರೆಗೆ ಸಾಲು, ಶನಿಯ ಮುಂದೆ ನಾನೊಬ್ಬಳೇ.

ಅಂತೂ ಒಬ್ಬ ಹಿರಿಯರು ಚಪ್ಪಲಿ ದೂರದಲ್ಲಿ ಬಿಟ್ಟು, ಕೈಮುಗಿದು ಹತ್ತಿರ ಬಂದರು. ನನಗೆ ಜೀವ ಬಂದಂತಾಯಿತು. ಅವರು ಚೀಲದಿಂದ ಎಳ್ಳೆಣ್ಣೆಯ ಸೀಸೆ ತೆಗೆದು, ದುರ್ಬೀನನ್ನು ಮೇಲಿಂದ ಕೆಳಗೆ ನೋಡಿ ತೆಲುಗಿನಲ್ಲಿ ಕೇಳಿದರು: "ಎಲ್ಲಿ ಹಾಕಬೇಕಮ್ಮಾ? ಮೇಲಿನ ಗಾಜಿಗೋ, ಕೆಳಗಿನದಕ್ಕೋ?"

ಅತ್ತೆಯವರು ಬಂದದ್ದು

ಎಣ್ಣೆಯ ಸುದ್ದಿ ಹೇಳಿ ಮನೆಯಲ್ಲಿ ನಗಿಸಲು ಹೋದೆ. ಅತ್ತೆಯವರು ನಗಲಿಲ್ಲ. "ನೋಡು, ಆ ಹಿರ್ಯಾರಿಗೆ ಇದ್ದ ತಿಳುವಳಿಕಿ ನಿನಗಿಲ್ಲ. ಬರೋ ರವಿವಾರ ನಾನೇ ಬಂದು ನಿಮ್ಮ ಮ್ಯೂಸಿಯಮ್ ಸಾಹೇಬರಿಗೆ ಹೇಳ್ತೀನಿ, ನಮ್ಮ ಸೊಸಿ ಇನ್ನ ಬರಂಗಿಲ್ಲ ಅಂತ" ಎಂದರು.

ಹೇಳಿದಂತೆ ಬಂದರು. ಪ್ರತಿ ಮೆಟ್ಟಿಲಿಗೂ ಶನಿಯನ್ನು ಬೈಯುತ್ತ ತಾರಸಿ ಹತ್ತಿದರು. ಇದೇ ನನ್ನ ಕೊನೆಯ ರವಿವಾರ ಎಂದುಕೊಂಡೆ.

"ಎಲ್ಲಿದ್ದಾನ ಅವ?" ಎಂದರು.

ತೋರಿಸಿದೆ. ಮಿನುಗದ ಒಂದು ಚುಕ್ಕೆ. ಅವರು ಅದನ್ನೇ ದಿಟ್ಟಿಸಿದರು. "ಇಷ್ಟೇ ಇದ್ದಾನ? ಇಷ್ಟು ವರ್ಷ ಅವ ನನ್ನ ನೋಡಿದ. ಇವತ್ತ ನಾ ಅವನ ಮಾರಿ ನೋಡೇಬಿಡ್ತೀನಿ, ಈ ಕಡೆ ಸರಿ" ಎಂದು ಕನ್ನಡಕ ಹಣೆಗೇರಿಸಿ ಬಗ್ಗಿದರು. ಚಂದ್ರನ ಸಾಲಿನವರೆಲ್ಲ ಈ ಕಡೆ ತಿರುಗಿದರು.

ಅತ್ತೆಯವರು ದುರ್ಬೀನಿನಿಂದ ಕಣ್ಣು ಕೀಳಲಿಲ್ಲ. ಆಮೇಲೆ ಮೆಲ್ಲಗೆ, "ಭಾಳ ಚಂದ ಇದ್ದಾನಲ್ಲವಾ! ಇಷ್ಟು ಚಂದ ಇದ್ದವಗ ಇಂಥಾ ಬುದ್ಧಿ ಯಾಕ ಬಂತು?" ಎಂದರು.

ನಮ್ಮ ದುರ್ಬೀನಿಗೆ ಮೋಟಾರ್ ಇರಲಿಲ್ಲ. ಭೂಮಿ ತಿರುಗುವುದರಿಂದ ನೋಡುತ್ತಿದ್ದಂತೆಯೇ ಗ್ರಹ ಅಂಚಿಗೆ ಸರಿದು ಮರೆಯಾಗುತ್ತದೆ. ಆಗಾಗ ದುರ್ಬೀನನ್ನು ಕೈಯಿಂದ ಮೆಲ್ಲಗೆ ತಳ್ಳಿ ಮತ್ತೆ ಹಿಡಿಯಬೇಕು. ಅತ್ತೆಯವರು ಬಂದ ಗಡಿಬಿಡಿಯಲ್ಲಿ ನಾನು ಅದನ್ನು ಮರೆತಿದ್ದೆ.

ಅತ್ತೆಯವರು ಸಟ್ಟನೆ ತಲೆ ಎತ್ತಿದರು. "ಹೋದ!"

"ಯಾರ್ರೀ?"

"ಶನಿ! ನಾ ಕಣ್ಣಿಟ್ಟು ನೋಡಿದ್ದಕ್ಕ ಮೆಲ್ಲಕ ಸರಕೋತ ಸರಕೋತ ಹೋಗೇಬಿಟ್ಟ!"

ಬಂದದ್ದು ಬರಲಿ ಎಂದು ನಿಜ ಹೇಳಿದೆ. "ಅತ್ತೀ, ಅವ ಹೋಗಿಲ್ರಿ. ನಮ್ಮ ಭೂಮಿ ತಿರಗ್ತು, ಅಷ್ಟ."

"ಯಾರರ ತಿರಗಲಿ. ಹೋದನಲ್ಲ!"

ಅಷ್ಟರಲ್ಲಿ ಚಂದ್ರನ ಸಾಲು ಒಡೆದು ಅರ್ಧ ಜನ ನಮ್ಮ ಮುಂದಿದ್ದರು. ನಮಗೂ ಸಾಡೇಸಾತಿ ಇದೆ ಎಂದು ತೆಲುಗಿನಲ್ಲಿ ಒಬ್ಬರು, ಹಿಂದಿಯಲ್ಲಿ ಒಬ್ಬರು. ಅತ್ತೆಯವರು ಸಾಹೇಬರನ್ನು ಕಾಣುವುದನ್ನೇ ಮರೆತು ಸಾಲು ನಿಲ್ಲಿಸತೊಡಗಿದರು. ನನ್ನ ಕಡೆ ತಿರುಗಿ, "ಇಷ್ಟು ಮಂದಿ ಕಾಯಾಕತ್ತಾರ, ಒಂದು ರವಿವಾರನೂ ತಪ್ಪಸಬ್ಯಾಡ ಮತ್ತ" ಎಂದು ಗದರಿದರು. ನನ್ನ ಕಣ್ಣು ಒದ್ದೆಯಾಯಿತು.

ಶನಿಯನ್ನು ಮತ್ತೆ ಹಿಡಿದುಕೊಟ್ಟೆ. ಮೊದಲ ಹೆಂಗಸು ಕಣ್ಣಿಟ್ಟರು. ತುಸು ಹೊತ್ತಿಗೆ, "ಸರಿಯುತ್ತಿದ್ದಾನೆ, ಸರಿಯುತ್ತಿದ್ದಾನೆ" ಎಂದು ಕೂಗಿದರು. ದುರ್ಬೀನು ತಳ್ಳಲು ನಾನು ಕೈ ಚಾಚಿದೆ. ಅತ್ತೆಯವರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅವ ತಾನಾಗೇ ಹೊಂಟಾನ. ಮತ್ಯಾಕ ಕರಕೊಂಡು ಬರ್ತಿ?"